ಚಿಲಕ ಹಾಕಿಕೊಳ್ಳಬೇಕಿತ್ತು ಎಂದವರು ಯಾರು?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 38 ಜನರಿದ್ದೇವೆ. ಗಂಗಾವತಿ, ಕೊಪ್ಪಳ, ಕಾರಟಗಿ, ಸಿಂಧನೂರು, ಹೊಸಪೇಟೆ ಎಂದು ಹಂಚಿಹೋದವರನ್ನು ಈ ಗುಂಪು ಕೂಡಿಸಿದೆ ಎನ್ನುತ್ತಾರೆ ದೊಡ್ಡಪ್ಪ. ಜಗಳಕ್ಕೊಂದು ಜಗುಲಿ ಕಟ್ಟಿಕೊಟ್ಟಿದೆ ಎನ್ನುವುದು ನನ್ನ ಅನುಭವ. ದೊಡ್ಡಪ್ಪ ನಿವೃತ್ತ ಮುಖ್ಯೋಪಾಧ್ಯಾಯರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರೆ, ಅರ್ಧ ವಾಕ್ಯ ಬರೆದು ಬಿಟ್ಟರೆ ಅವರು ಸಹಿಸುವುದಿಲ್ಲ. ಹೀಗಾಗಿ ನಮ್ಮಲ್ಲಿ ಬೈಗುಳ ಕೂಡ ಪೂರ್ಣವಿರಾಮದೊಂದಿಗೇ ಬರುತ್ತದೆ.

ಕಳೆದ ಗುರುವಾರ ಸಂಜೆ ಸಿಂಧನೂರಿನ ಅತ್ತೆ ಒಂದು ಸಂದೇಶವನ್ನು ದಾಟಿಸಿದರು. ಅದರ ನೆತ್ತಿಯ ಮೇಲೆ ಎರಡು ಬಾಣಗಳಿದ್ದವು, ಅಂದರೆ ಅದು ಆಗಲೇ ಊರೂರು ತಿರುಗಿ ಬಂದಿತ್ತು. ಪಾರ್ಟಿಗಳಲ್ಲಿ ಹುಡುಗಿಯರ ಲೋಟಕ್ಕೆ 'ಪ್ರೊಜೆಸ್ಟೆರೆಕ್ಸ್' ಎಂಬ ಮಾತ್ರೆ ಬೆರೆಸಲಾಗುತ್ತಿದೆ, ಅದು ಪಶುವೈದ್ಯರು ಕುದುರೆಗಳಿಗೆ ಕೊಡುವ ಮಾತ್ರೆ, ಅದನ್ನು ಕುಡಿಸಿ ಅತ್ಯಾಚಾರ ಮಾಡಿದರೆ ಗರ್ಭ ನಿಲ್ಲುವುದಿಲ್ಲವಾದ್ದರಿಂದ ಸಾಕ್ಷ್ಯವೂ ಉಳಿಯುವುದಿಲ್ಲ, ಆ ಹುಡುಗಿ ಮುಂದೆಂದೂ ತಾಯಿಯಾಗಲಾರಳು ಎಂದೆಲ್ಲ ಅದರಲ್ಲಿತ್ತು. ಅತ್ತೆ ಅದನ್ನು ಪೂರ್ತಿ ಓದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅವರ ಮಗಳು ಮೊದಲ ಕೆಲಸಕ್ಕೆಂದು ಬರುವ ಭಾನುವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಡುವವಳಿದ್ದಳು. ಓದುವುದಕ್ಕಿಂತ ಮೊದಲೇ ಬೆರಳು ಬಾಣದ ಗುರುತನ್ನು ಒತ್ತಲು ಅಷ್ಟು ಸಾಕು.

ಐದೇ ನಿಮಿಷದಲ್ಲಿ, ಮೆಡಿಕಲ್ ಅಂಗಡಿ ಇಟ್ಟಿರುವ ನನ್ನ ತಮ್ಮ ಎಂದಿನಂತೆ ಹಾಜರಾದ. "ಇದರ ಮೂಲ ಯಾವುದು ಎಂದು ತಿಳಿಸಬೇಕು. ಈ ಹೆಸರಿನ ಔಷಧಿ ಜಗತ್ತಿನ ಯಾವ ದೇಶದಲ್ಲೂ ಇಲ್ಲ. ಇದೇ ಕಥೆ 1999ರ ಸುಮಾರಿಗೇ ಇ-ಮೇಲ್‌ಗಳಲ್ಲಿ ಸುತ್ತುತ್ತಿತ್ತು. ಮಕ್ಕಳ ಕಳ್ಳರ ಸುಳ್ಳು ಸುದ್ದಿ ನಂಬಿ 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಅಮಾಯಕನನ್ನು ಹೊಡೆದು ಕೊಂದದ್ದು ಇಂಥ ಫಾರ್ವರ್ಡ್‌ಗಳಿಂದಲೇ ಎಂಬುದನ್ನು ಅತ್ತೆ ಮರೆತಿರುವಂತಿದೆ" ಎಂದು ಬರೆದ. ಅತ್ತೆ ಮಾತ್ರೆಯ ವಿಷಯ ಬಿಟ್ಟರು. "ನಿನ್ನ ಅಂಗಡಿಯಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎನ್ನಬೇಡ. ಕೊರೊನಾ ಕಾಲದಲ್ಲಿ ನಾನು ಕಷಾಯದ ವಿಧಾನ ಕಳಿಸಿದಾಗಲೂ ನೀನು ನಾಲ್ಕು ಜನರ ಎದುರು ನಗಾಡಿದ್ದೆ" ಎಂದರು. ಆಮೇಲಿನ ಹತ್ತು ಸಂದೇಶಗಳು ಕಷಾಯಕ್ಕೆ ಸಂದವು.

ತಮ್ಮ ಹೇಳಿದ್ದೆಲ್ಲ ನಿಜವೇ. ಆದರೆ ಮಾತ್ರೆ ಸುಳ್ಳೆಂದು ತೋರಿಸಿದ ಕೂಡಲೇ ತನ್ನ ಕೆಲಸ ಮುಗಿಯಿತು ಎಂದುಕೊಳ್ಳುವುದು ಅವನ ಹಳೆಯ ಚಾಳಿ. ಅತ್ತೆಯ ಭಯ ಮಾತ್ರೆಯದಾಗಿರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪನವರ ನೀಳವಾದ ಸಂದೇಶ ಬಂತು. ಮಾತ್ರೆ ಇರಲಿ, ಇಲ್ಲದಿರಲಿ, ಹೆಣ್ಣುಮಕ್ಕಳು ಲೋಟ ಹಿಡಿಯುವ ಜಾಗಕ್ಕೆ ಹೋಗುವುದೇ ಮೊದಲ ತಪ್ಪು ಎಂದೂ, ಕುಡಿದು ಎಚ್ಚರ ತಪ್ಪಿದವಳು ಬೆಳಿಗ್ಗೆ ಎದ್ದು ಇನ್ನೊಬ್ಬರ ಮೇಲೆ ದೂರು ಹೇಳುವುದು ಯಾವ ನ್ಯಾಯ ಎಂದೂ, ಸಾಣಾಪುರದಲ್ಲಿ ಆದದ್ದನ್ನು ಕಂಡೂ ಬುದ್ಧಿ ಬಾರದಿದ್ದರೆ ಹೇಗೆ ಎಂದೂ ಅವರು ಕೇಳಿದ್ದರು. ಸಾಣಾಪುರ ನಮ್ಮೂರಿನಿಂದ ಬೈಕಿನಲ್ಲಿ ಅರ್ಧ ಗಂಟೆಯ ದಾರಿ. 2025ರ ಮಾರ್ಚ್ 6ರ ರಾತ್ರಿ ಅಲ್ಲಿನ ತುಂಗಭದ್ರಾ ಎಡದಂಡೆ ಕಾಲುವೆಯ ಬಳಿ ಪ್ರವಾಸಿಗರು ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆಯೊಂದಿಗೆ ನಕ್ಷತ್ರ ನೋಡುತ್ತ ಕುಳಿತಿದ್ದರು. ಪೆಟ್ರೋಲಿಗೆ ದುಡ್ಡು ಕೇಳುವ ನೆಪದಲ್ಲಿ ಬಂದವರು ಗಂಡಸರನ್ನು ಕಾಲುವೆಗೆ ತಳ್ಳಿ, ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು, ಒಡಿಶಾದ ಯುವಕ ನೀರಿನಲ್ಲಿ ಮುಳುಗಿ ಸತ್ತ. ಇದರಲ್ಲಿ ಹೆಣ್ಣುಮಕ್ಕಳ ಕೈಯ ಲೋಟ ಎಲ್ಲಿಂದ ಬಂತು ಎಂದು ನಾನು ಕೇಳಿದೆ. ದೊಡ್ಡಪ್ಪ ಉತ್ತರಿಸಲಿಲ್ಲ. ಕಾರಟಗಿ ಮಾವ ಮಾತ್ರ ಅವರ ಸಂದೇಶಕ್ಕೆ ಕೈಮುಗಿಯುವ ಚಿತ್ರ ಅಂಟಿಸಿದರು. ಕಾರಟಗಿ ಮಾವ ಎಂದರೆ ದೊಡ್ಡಮ್ಮನ ತಮ್ಮ, ಭತ್ತದ ದಲಾಲಿ ಅಂಗಡಿಯವರು. ಮುಂದೆ ಇವರ ವಿಷಯ ಬರುತ್ತದೆ.

ನಡುವೆ ಹೊಸಪೇಟೆಯ ಅಣ್ಣ ಬಂದು, ಸೇಂದಿ ಅಂಗಡಿಗಳಿದ್ದ ಕಾಲದಲ್ಲಿ ನಾಟಿಯ ದಿನ ಗದ್ದೆಯ ಬದುವಿನ ಮೇಲೆ ನಮ್ಮ ಅಜ್ಜಿಯೂ ಕೂಲಿ ಹೆಂಗಸರೂ ಮಣ್ಣಿನ ಮಗೆಯಲ್ಲಿ ಸೇಂದಿ ಹಂಚಿಕೊಂಡು ಕುಡಿಯುತ್ತಿದ್ದುದನ್ನು, ಅದರ ಜೊತೆಗೆ ಕಡಲೆ ಉಸುಳಿ ತಿನ್ನುತ್ತಿದ್ದುದನ್ನು, ತನಗೂ ಒಂದು ಗುಟುಕು ಸಿಗುತ್ತಿದ್ದುದನ್ನು ನೆನೆಸಿಕೊಂಡ. ಮೂರು ಜನ ಅಜ್ಜಿಯ ಫೋಟೋ ಹುಡುಕಿ ಹಾಕಿದರು. ಅಜ್ಜಿ ಕುಡಿಯುತ್ತಿರಲೇ ಇಲ್ಲ, ಹಾಗೆಂದು ಬರೆದವನು ಕ್ಷಮೆ ಕೇಳಬೇಕು ಎಂದು ದೊಡ್ಡಪ್ಪ ಪಟ್ಟು ಹಿಡಿದರು. ಆ ಹೆಂಗಸರು ಸಂಜೆ ತೂರಾಡುತ್ತ ಮನೆಗೆ ನಡೆದಾಗ ಯಾರೂ ಅವರ ಮೈಮುಟ್ಟುವ ಧೈರ್ಯ ಮಾಡುತ್ತಿರಲಿಲ್ಲವೇ, ಅಥವಾ ಮಾಡಿದ್ದು ನಮ್ಮವರೆಗೆ ಬರಲಿಲ್ಲವೇ ಎಂಬ ಯೋಚನೆ ನನಗೆ ಬಂತು. ಬರೆಯಲಿಲ್ಲ. ಕೂಲಿಯವರ ಮನೆಯ ಮಾತು ನಮ್ಮ ಜಗುಲಿಯವರೆಗೆ ಬರುವುದು ಕಡಿಮೆ.

ರಾತ್ರಿ ಒಂಬತ್ತರ ಹೊತ್ತಿಗೆ, ಯಾರ ನಿಮಿತ್ತ ಇದೆಲ್ಲ ಶುರುವಾಗಿತ್ತೋ ಆ ಅತ್ತೆಯ ಮಗಳು ಮೊದಲ ಬಾರಿಗೆ ಬಾಯಿಬಿಟ್ಟಳು. "ಅಕ್ಕಾ, ನೀನು ವಕೀಲೆ ಇದ್ದೀಯ, ಅದಕ್ಕೆ ಕೇಳುತ್ತಿದ್ದೇನೆ. ಕುಡಿದ ಹುಡುಗಿ ಹೂಂ ಎಂದರೆ ಅದು ಒಪ್ಪಿಗೆಯಾಗುತ್ತದೆಯೇ? ನಾನು ಕುಡಿಯುತ್ತೇನೆ ಎಂದು ಯಾರೂ ತಿಳಿಯಬಾರದು. ನನ್ನ ಜೊತೆ ಇರುವವಳು ಕುಡಿಯಬಹುದು."

ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ರೊಟ್ಟಿಯ ಹಿಟ್ಟು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಇಪ್ಪತ್ತು ನಿಮಿಷ ಬರೆದೆ. ಕಕ್ಷಿದಾರರಿಗೆ ಹೇಳುವ ಹಾಗೆಯೇ ಬರೆದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಈ ಪ್ರಶ್ನೆಗೆ ನೇರ ಉತ್ತರವಿದೆ. ಹಳೆಯ ದಂಡ ಸಂಹಿತೆಯ 375ರಲ್ಲೂ ಇತ್ತು. ಅಮಲಿನಿಂದಾಗಿ ತಾನು ಯಾವುದಕ್ಕೆ ಹೂಂ ಎನ್ನುತ್ತಿದ್ದೇನೆ, ಅದರ ಪರಿಣಾಮವೇನು ಎಂದು ತಿಳಿಯಲಾರದ ಸ್ಥಿತಿಯಲ್ಲಿ ಹೆಣ್ಣು ಹೂಂ ಎಂದರೆ ಆ ಹೂಂ ಲೆಕ್ಕಕ್ಕಿಲ್ಲ. ಆ ಅಮಲನ್ನು ಅವನೇ ಕುಡಿಸಿರಬೇಕೆಂದಿಲ್ಲ, ಅವಳೇ ಕುಡಿದಿದ್ದರೂ ಅಷ್ಟೇ. ಹಾಗೆಂದು ಒಂದು ಗುಟುಕು ಕುಡಿದವಳ ಮಾತೆಲ್ಲ ರದ್ದಾಗುತ್ತದೆ ಎಂದೂ ಕಾನೂನು ಹೇಳುವುದಿಲ್ಲ; ಆ ಹೊತ್ತಿಗೆ ಅವಳಿಗೆ ತಿಳಿವಳಿಕೆ ಇತ್ತೇ ಇರಲಿಲ್ಲವೇ ಎಂಬುದನ್ನು ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕಾಗುತ್ತದೆ, ಕೋರ್ಟಿನಲ್ಲಿ ನಾವು ಹೆಣಗುವುದು ಅಲ್ಲಿಯೇ. ಸಂಮತಿ ಎಂದರೆ ಮಾತಿನಿಂದಲೋ ಸನ್ನೆಯಿಂದಲೋ ಸಂಶಯಕ್ಕೆಡೆಯಿಲ್ಲದಂತೆ ತಾನಾಗಿ ಕೊಟ್ಟದ್ದು ಎಂಬ ವಿವರಣೆಯೂ, ಎದುರಿಸಿ ಕೈಕಾಲು ಬಡಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದಳು ಎನ್ನುವಂತಿಲ್ಲ ಎಂಬ ಮಾತೂ 2013ರ ತಿದ್ದುಪಡಿಯಲ್ಲಿ ಸೇರಿದವು.

ಬೆಳಿಗ್ಗೆ ಎದ್ದು ದೂರು ಹೇಳುವವಳ ಬಗ್ಗೆ ದೊಡ್ಡಪ್ಪ ಬರೆದಿದ್ದರಲ್ಲ, ಅದಕ್ಕೂ ಉತ್ತರ ಸೇರಿಸಿದೆ. ಹೀಗೆ ಯೋಚಿಸುವವರು ದೊಡ್ಡಪ್ಪ ಒಬ್ಬರೇ ಅಲ್ಲ. 2020ರ ಜೂನ್‌ನಲ್ಲಿ ನಮ್ಮ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನಿನ ಆದೇಶದಲ್ಲೇ, ಕೃತ್ಯದ ನಂತರ ದಣಿದು ನಿದ್ದೆ ಹೋದೆ ಎಂಬ ವಿವರಣೆ ಭಾರತೀಯ ನಾರಿಗೆ ತಕ್ಕದ್ದಲ್ಲ ಎಂಬ ಅರ್ಥದ ಸಾಲು ಬಂದಿತ್ತು. ಆರೋಪಿಯ ಜೊತೆ ಪಾನೀಯ ಸೇವಿಸಲು ಏಕೆ ಆಕ್ಷೇಪಿಸಲಿಲ್ಲ ಎಂದೂ ಅಲ್ಲಿ ಕೇಳಲಾಗಿತ್ತು. ಮುಂದಿನ ತಿಂಗಳೇ ನಿದ್ದೆಯ ಆ ಸಾಲನ್ನು ತೆಗೆದುಹಾಕಬೇಕಾಯಿತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಹೆಣ್ಣಿನ ಉಡುಪು, ನಡತೆಗಳ ಮೇಲೆ ಟೀಕೆ ಬರೆಯಬಾರದೆಂದು ಎಲ್ಲ ಕೋರ್ಟುಗಳಿಗೂ ಸೂಚಿಸಿತು.

ಕೊನೆಗೆ ಒಂದು ಸಾಲು ಹೆಚ್ಚಿಗೆ ಬರೆದೆ. ತಾನಾಗಿ ಕುಡಿದ ಗಂಡಸಿಗೆ ಕಾನೂನಿನಲ್ಲಿ ರಿಯಾಯಿತಿ ಇಲ್ಲ. ಎಚ್ಚರದಲ್ಲಿದ್ದಿದ್ದರೆ ಅವನಿಗೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟು ಇತ್ತೆಂದೇ ಭಾವಿಸಿ ವಿಚಾರಿಸಬೇಕು ಎನ್ನುತ್ತದೆ ಅದೇ ಸಂಹಿತೆಯ 24ನೇ ಕಲಮು. ಅವಳ ಅಮಲು ಅವಳ ಒಪ್ಪಿಗೆಯನ್ನು ಇಲ್ಲವಾಗಿಸಬಹುದು, ಅವನ ಅಮಲು ಅವನ ತಪ್ಪನ್ನು ಇಲ್ಲವಾಗಿಸುವುದಿಲ್ಲ. ಮನೆಮನೆಗಳಲ್ಲಿ ನಾವು ಹೇಳಿಕೊಂಡು ಬಂದಿರುವುದು ಇದಕ್ಕೆ ನೇರ ತಿರುಗುಮುರುಗು.

ಮೂಲ ಕೇಳುವ ತಮ್ಮ ಈ ಸಲ ತಾನೇ ಮೂಲ ಹುಡುಕಿಕೊಂಡು ಬಂದ. 2000ದಿಂದ 2002ರ ನಡುವೆ ಬ್ರಿಟನ್ನಿನಲ್ಲಿ ಅಮಲೇರಿಸಿ ಅತ್ಯಾಚಾರ ಮಾಡಲಾಯಿತೆಂಬ ಸಂಶಯವಿದ್ದ 1014 ಪ್ರಕರಣಗಳ ರಕ್ತ, ಮೂತ್ರ ಪರೀಕ್ಷಿಸಿದಾಗ ಶೇಕಡಾ 46ರಲ್ಲಿ ಮದ್ಯ ಸಿಕ್ಕಿತ್ತು, ಗುಟ್ಟಾಗಿ ಔಷಧಿ ಬೆರೆಸಿದ್ದಿರಬಹುದು ಎನಿಸಿದ್ದು 21 ಪ್ರಕರಣಗಳಲ್ಲಿ ಮಾತ್ರ ಎಂದು ಬರೆದ. "ಕುದುರೆ ಮಾತ್ರೆ ಬೇಕಿಲ್ಲ ಅತ್ತೆ, ಎಲ್ಲರ ಎದುರಿಗೇ ಸುರಿಯುವ ಬಾಟಲಿಯೇ ಸಾಕಾಗುತ್ತದೆ. ಅತಿಯಾಗಿ ಕುಡಿದವರಲ್ಲಿ ಮಿದುಳು ನೆನಪನ್ನು ಬರೆದಿಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಅವರು ನಡೆಯುತ್ತಿರುತ್ತಾರೆ, ಮಾತಾಡುತ್ತಿರುತ್ತಾರೆ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ನೆನಪಿಲ್ಲ ಎಂದವಳು ಸುಳ್ಳುಗಾರ್ತಿ ಎನ್ನಬಾರದು" ಎಂದು ಸೇರಿಸಿದ. ಕೆಲವು ಔಷಧಿಗಳ ಸುಳಿವು ಅರ್ಧ ದಿನದೊಳಗೇ ಮೂತ್ರದಿಂದ ಮಾಯವಾಗುವುದರಿಂದ ಬೇಗ ಆಸ್ಪತ್ರೆಗೆ ಹೋಗಬೇಕೆಂದೂ, ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ತಾಸಿನೊಳಗೆ ಶುರು ಮಾಡಬೇಕೆಂದೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲವೆಂದೂ ತಿಳಿಸಿದ. 181 ಮತ್ತು 112ನ್ನು ಮೊಬೈಲಿನಲ್ಲಿ ಉಳಿಸಿಕೊ ಎಂದ. ಯಾವ ಊರಿನ ಠಾಣೆಯಲ್ಲಾದರೂ ದೂರು ಬರೆಸಬಹುದು ಎಂಬುದನ್ನು ನಾನು ಸೇರಿಸಿದೆ. ಅತ್ತೆ ಎಲ್ಲಕ್ಕೂ "ಆಯಿತಪ್ಪ" ಎಂದರು. ಕಷಾಯದ ಮುನಿಸು ಅಲ್ಲಿಗೆ ಇಳಿಯಿತು.

ಆಗ ಕೊಪ್ಪಳದ ಚಿಗವ್ವ ದೊಡ್ಡಪ್ಪನಿಗೆ ಬರೆದರು. ಹಬ್ಬಕ್ಕೆ ಶುಭಾಶಯ, ಸಾವಿಗೆ ಕೈಮುಗಿಯುವ ಚಿತ್ರ ಬಿಟ್ಟರೆ ಅವರು ಈ ಗುಂಪಿನಲ್ಲಿ ಏನನ್ನೂ ಬರೆದವರಲ್ಲ.

"ಭಾವನವರೇ, ತಮ್ಮ ಮಗಳ ಮದುವೆಯ ಹಿಂದಿನ ರಾತ್ರಿ ನನ್ನ ಮಗಳು ಕುಡಿದಿದ್ದು ಮಜ್ಜಿಗೆ. ಅದು ತಮಗೆ ನೆನಪಿರಲಿ ಎಂದು ತಿಳಿಸುತ್ತಿದ್ದೇನೆ."

ಇದನ್ನು ಬಲ್ಲವರು ಗುಂಪಿನಲ್ಲಿ ಹತ್ತು ಜನರಾದರೂ ಇದ್ದೇವೆ. 2017ರ ಮಾತು. ಕಲ್ಯಾಣ ಮಂಟಪದ ಮಹಡಿಯ ಕೋಣೆಯಲ್ಲಿ ಹೆಣ್ಣುಮಕ್ಕಳು ಜಮಖಾನದ ಮೇಲೆ ಸಾಲಾಗಿ ಮಲಗಿದ್ದೆವು. ನಡುರಾತ್ರಿ ಕುಡಿದು ಬಂದ ಒಬ್ಬರು ಕತ್ತಲಲ್ಲಿ ಬಾಗಿಲು ತಳ್ಳಿ, ಕೊನೆಯಲ್ಲಿ ಮಲಗಿದ್ದ ಚಿಗವ್ವನ ಇಪ್ಪತ್ತೊಂದು ವರ್ಷದ ಮಗಳ ಪಕ್ಕ ಕುಳಿತು ಮೈಮೇಲೆ ಕೈ ಹಾಕಿದರು. ಅವಳು ಕಿರುಚಿದಳು, ದೀಪ ಹತ್ತಿತು, ಅವರನ್ನು ಕೆಳಗೆ ಕರೆದೊಯ್ದರು. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದ ಹಿರಿಯರ ತೀರ್ಮಾನ ಮೆಟ್ಟಿಲಲ್ಲಿ ನಿಂತಿದ್ದ ನನಗೆ ಕೇಳಿಸಿತು: ಕುಡಿದ ಅಮಲಿನಲ್ಲಿ ದಾರಿ ತಪ್ಪಿ ಬಂದಿದ್ದಾನೆ, ದೊಡ್ಡದು ಮಾಡುವುದು ಬೇಡ, ಹೆಣ್ಣುಮಕ್ಕಳು ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕಿತ್ತು.

ಚಿಗವ್ವ ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೂ ಗುಂಪು ಹೊತ್ತಿಕೊಂಡಿತು. ಅಂದು ಏನಾಯಿತು ಎಂಬುದರ ಬಗ್ಗೆ ಅಲ್ಲ, ಚಿಲಕದ ಮಾತು ಯಾರ ಬಾಯಿಂದ ಬಂದಿತ್ತು ಎಂಬುದರ ಬಗ್ಗೆ. ತಾವು ಹಾಗೆ ಅಂದಿರಲಿಲ್ಲ, ಅಂದವರು ಕೊಪ್ಪಳದ ಕಾಕಾ, ಅಂದರೆ ಹುಡುಗಿಯ ತಂದೆಯೇ ಎಂದು ದೊಡ್ಡಪ್ಪ ಬರೆದರು. ಅಂದು ಅಣ್ಣನ ಮಾತಿಗೆ ತಲೆಯಾಡಿಸಿದ್ದು ನಿಜ, ಆದರೆ ಮೊದಲು ಅಂದವನು ತಾನಲ್ಲ ಎಂದು ಕಾಕಾ ಬರೆದರು. ಹೆಂಡತಿಗೆ ಉತ್ತರ ಕೊಡುವುದು ಬಿಟ್ಟು ಅಣ್ಣನಿಗೆ ಕೊಡುತ್ತಿದ್ದೀಯಲ್ಲ ಎಂದು ಅತ್ತೆ ಕಾಕಾನಿಗೆ ಬರೆದರು. ಮದುವೆಗೆ ಬಾಟಲಿಗಳ ಪೆಟ್ಟಿಗೆ ತರಿಸಿದವರು ಯಾರು, ಅದರ ದುಡ್ಡು ಯಾರ ಲೆಕ್ಕಕ್ಕೆ ಬಿತ್ತು ಎಂಬುದು ಎದ್ದಿತು. ಅಲ್ಲಿಂದ ಮಂಟಪದ ಬಾಡಿಗೆ, ಅಲ್ಲಿಂದ ಕೆರೆಯ ಪಕ್ಕದ ಎರಡು ಎಕರೆಯ ಪಾಲು. ಚಿಗವ್ವನ ಮಗಳು ಗುಂಪಿನಲ್ಲೇ ಇದ್ದಾಳೆ. ಆ ನಲವತ್ತು ಸಂದೇಶಗಳಲ್ಲಿ ಒಬ್ಬರೂ ಅವಳನ್ನು ಕರೆದು ಮಾತಾಡಿಸಲಿಲ್ಲ. ಆ ಲೆಕ್ಕದಲ್ಲಿ ನಾನೂ ಇದ್ದೇನೆ.

ಅಪರಿಚಿತರ ಪಾರ್ಟಿಯ ಲೋಟಕ್ಕೆ ನಾವು ಮೂರು ತಾಸು ಕಾವಲಿದ್ದೆವು. ದೇಶದ ಅಪರಾಧ ದಾಖಲೆಗಳಲ್ಲಿ ವರ್ಷ ವರ್ಷವೂ ಅತ್ಯಾಚಾರದ ಆರೋಪಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಪರಿಚಯದವರೇ ಆಗಿರುತ್ತಾರೆ ಎಂದು ನಾನು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ನನ್ನ ಉದ್ದನೆಯ ಸಂದೇಶಕ್ಕೆ, ಅದೊಂದಕ್ಕೇ, ದೊಡ್ಡಪ್ಪನ ಉತ್ತರ ಬಂತು: "'ಸಂಮತಿ' ಎಂದು ಬರೆದಿರುವುದು ತಪ್ಪು. 'ಸಮ್ಮತಿ' ಎಂದಾಗಬೇಕು. ತಿದ್ದಿಕೊಳ್ಳುವುದು."

ತಿದ್ದಲಿಲ್ಲ. ಆ ಸಂದೇಶದ ಮೇಲೆ ಬೆರಳೊತ್ತಿ, ಯಾರು ಯಾರು ಓದಿದ್ದಾರೆ ಎಂಬ ಪಟ್ಟಿ ತೆಗೆದೆ. ನನ್ನನ್ನು ಬಿಟ್ಟು 37ರಲ್ಲಿ 35 ಜನ ಓದಿದ್ದರು. ಕಾರಟಗಿ ಮಾವ ಓದಿದ್ದು 9.52ಕ್ಕೆ, ಮೊದಲಿಗರಲ್ಲಿ ಒಬ್ಬರು. ಅಲ್ಲಿಂದ ಒಂದು ತಾಸು ಅವರು ಏನನ್ನೂ ಬರೆದಿರಲಿಲ್ಲ.

10.54ಕ್ಕೆ ಬರೆದರು. "ಕಾರಟಗಿಯಲ್ಲಿ ಇಂದು ಸೋನಾ ಮಸೂರಿ ಭತ್ತ 75 ಕೆ.ಜಿ. ಚೀಲಕ್ಕೆ ಐವತ್ತು ರೂಪಾಯಿ ಏರಿದೆ. ಮಾರುವವರಿದ್ದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಬೇಕು." ಮೊದಲ ಹೆಬ್ಬೆರಳು ದೊಡ್ಡಪ್ಪನದು. ಎರಡನೆಯದು ಕೊಪ್ಪಳದ ಕಾಕಾನದು. ಅವರ ಮನೆಯಲ್ಲಿ ಇನ್ನೂ ಅರವತ್ತು ಚೀಲ ಹಾಗೇ ಇವೆ.