ಹಳೇ ಉಗಿ ಎಂಜಿನ್ನಿಗೆ ‘ಜೀರ್ಣೋದ್ಧಾರ’ ಸಲ್ಲುತ್ತದೆಯೇ?

ಫೇರಿ ಕ್ವೀನ್ ಎಂಜಿನ್ ಬಗ್ಗೆ ಮಕ್ಕಳಿಗಾಗಿ ನಾಲ್ಕು ಪುಟ ಬರೆಯಲು ಕೂತವನು ಮೂರು ದಿನದಿಂದ ಒಂದು ಕ್ರಿಯಾಪದಕ್ಕೆ ತಡಕಾಡುತ್ತಿದ್ದೇನೆ. ವಾಕ್ಯ ಹೀಗಿದೆ: “1855ರಲ್ಲಿ ಲೀಡ್ಸ್‌ನಲ್ಲಿ ತಯಾರಾಗಿ, ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ದುಡಿದು, 1909ರಲ್ಲಿ ನಿವೃತ್ತಿಯಾದ ಈ ಎಂಜಿನ್ನನ್ನು ಚೆನ್ನೈನ ಪೆರಂಬೂರು ಕಾರ್ಖಾನೆಯವರು ———, 1997ರಲ್ಲಿ ಅದು ಮತ್ತೆ ಹಳಿಯ ಮೇಲೆ ಓಡಿತು.” ಗೆರೆ ಎಳೆದ ಜಾಗಕ್ಕೆ ಏನು ಹಾಕಲಿ?

ಮೊದಲು ‘ದುರಸ್ತಿ ಮಾಡಿದರು’ ಎಂದು ಬರೆದೆ. ಫ್ಯಾನು, ಮಿಕ್ಸಿಗೂ ಅದೇ ಮಾತು; 88 ವರ್ಷ ಓಡದೆ ನಿಂತದ್ದಕ್ಕೆ ಅದು ತೀರಾ ಸಣ್ಣದಾಯಿತು. ‘ನವೀಕರಣ’ ಅಂದರೆ ಲೈಸೆನ್ಸು ನೆನಪಾಗುತ್ತದೆ. ‘ಪುನಶ್ಚೇತನ’ವನ್ನು ಸರಕಾರಿ ಕಡತಗಳು ಕೆರೆಗಳಿಗೆ ಗುತ್ತಿಗೆ ಹಿಡಿದುಬಿಟ್ಟಿವೆ. ‘ಸಂರಕ್ಷಣೆ’ಯಂತೂ ಆಗದು. ಮೈಸೂರಿನ ರೈಲು ಸಂಗ್ರಹಾಲಯದ ಅಂಗಳದಲ್ಲಿ ಬಣ್ಣ ಬಳಿಸಿಕೊಂಡು ನಿಂತಿರುವ ಎಂಜಿನ್ನುಗಳೂ ಸಂರಕ್ಷಿತವೇ, ಆದರೆ ಅವುಗಳ ಒಲೆಯಲ್ಲಿ ಬೆಂಕಿ ಇಲ್ಲ.

ಕೊನೆಗೆ ಹೊಳೆದದ್ದು ‘ಜೀರ್ಣೋದ್ಧಾರ’. ಈ ಪದ ಕೇಳಿದೊಡನೆ ಗೋಪುರ, ಚಂದಾ ರಸೀತಿ ಪುಸ್ತಕ ಕಣ್ಣಮುಂದೆ ಬರುತ್ತವೆ, ನಿಜ. ಆದರೆ ಪದದ ಒಳಗೆ ಇರುವುದು ‘ಸವೆದದ್ದನ್ನು ಮೇಲೆತ್ತುವುದು’ ಎಂಬಷ್ಟೇ ಅರ್ಥ, ಗುಡಿಯ ಹೆಸರಿಲ್ಲ. ಇನ್ನೊಂದು ಹೋಲಿಕೆಯೂ ಇದೆ. ಸುಣ್ಣ ಬಳಿದಲ್ಲಿಗೆ ಗುಡಿಯ ಕೆಲಸ ಮುಗಿಯುವುದಿಲ್ಲ, ದೀಪ ಹಚ್ಚಿ ಪೂಜೆ ಶುರುವಾಗಬೇಕು. ಉಗಿ ಎಂಜಿನ್ನಿನಲ್ಲೂ ಹಾಗೆಯೇ. ಬಾಯ್ಲರಿನ ಒಳಗೆ, ನಮ್ಮ ಬಚ್ಚಲ ಹಂಡೆಯಲ್ಲಿ ಗಡಸು ನೀರು ಕಟ್ಟಿಸುವಂಥದೇ ಬಿಳಿ ಪೊರೆಯನ್ನು ಕೆರೆದು ತೆಗೆಯಬೇಕು, ಸವೆದ ಕೊಳವೆಗಳನ್ನು ಬದಲಿಸಬೇಕು. ಆಮೇಲೆ ಭರ್ತಿ ತಣ್ಣೀರು ತುಂಬಿ, ಮುಂದೆ ಉಗಿ ಹಾಕಲಿರುವ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು, ಎಲ್ಲಿ ಜಿನುಗುತ್ತದೆ ಎಂದು ನೋಡುತ್ತಾರೆ. ತಣ್ಣೀರೇ ಯಾಕೆಂದರೆ, ನೀರು ಹೆಚ್ಚುಕಡಿಮೆ ಅದುಮಿಸಿಕೊಳ್ಳುವುದಿಲ್ಲ. ತಗಡು ಬಿರಿದರೂ ಉಗಿಯ ಹಾಗೆ ಸಿಡಿಯದೆ ಸುರಿದು ಹೋಗುತ್ತದೆ. ಇಷ್ಟಾದ ಮೇಲೂ ಬೆಂಕಿ ಜೋರು ಮಾಡುವಂತಿಲ್ಲ. ತಗಡು, ಕೊಳವೆ ಎಲ್ಲ ಒಂದೇ ಸಮ ಹಿಗ್ಗಬೇಕು, ಅದಕ್ಕೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲೇ ಕಾಯಿಸುತ್ತಾರೆ.

ಇದನ್ನೆಲ್ಲ ಹುಬ್ಬಳ್ಳಿ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್, ಅಂದರೆ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವರು, ಆಗಿದ್ದ ನಮ್ಮ ಸೋದರಮಾವನಿಗೆ ಓದಿ ಹೇಳಿದೆ. ತಣ್ಣೀರಿನ ವಿಷಯಕ್ಕೆ ತಲೆಯಾಡಿಸಿದರು. ‘ಜೀರ್ಣೋದ್ಧಾರ’ಕ್ಕೆ ಮಾತ್ರ ನಕ್ಕುಬಿಟ್ಟರು. “ಅಲ್ಲೋ, ಎಂಜಿನ್ನಿಗೆ ಕುಂಭಾಭಿಷೇಕನೂ ಮಾಡಸ್ತಿ ಏನು? ಡೆಡ್ ಎಂಜಿನ್ ಇತ್ತು, ಜೀವಾ ಬಂತು ಅಂತ ಬರಿ. ಇದ್ರಾಗ ಹುಡುಕೂದೇನದ?”

ರೈಲ್ವೆಯವರ ಬಾಯಲ್ಲಿ ‘ಡೆಡ್ ಎಂಜಿನ್’ ಅಂದರೆ ತಾನಾಗಿ ನಡೆಯದೆ ಇನ್ನೊಂದರಿಂದ ಎಳೆಸಿಕೊಂಡು ಹೋಗುವುದು. ಮಾವ ಹೇಳಿದ್ದು ಮಕ್ಕಳಿಗೆ ಚೆನ್ನಾಗಿಯೇ ಇದೆ. ಆದರೆ ‘ಜೀವ ಬಂತು’ ಅಂದಾಗ ಎಂಜಿನ್ನು ತಾನೇ ಎದ್ದ ಹಾಗಾಗಿ, ಕಾರ್ಖಾನೆಯವರು ವಾಕ್ಯದಿಂದಲೇ ಹೊರಗೆ ಬೀಳುತ್ತಾರೆ. ‘ಜೀವ ಕೊಟ್ಟರು’ ಎಂದರೋ, ಪ್ರಾಣ ತೆತ್ತರು ಎಂದೂ ಓದಿಕೊಳ್ಳಬಹುದು!

ಮಾಡಿದವರೂ ವಾಕ್ಯದಲ್ಲಿ ಉಳಿಯುವಂಥ ಪದ ಯಾವುದಾದರೂ ಶೆಡ್ಡುಗಳಲ್ಲೋ, ಹಳೇ ಉಗಿ ಎಂಜಿನ್ ನೋಡಿಕೊಂಡವರ ಮನೆಗಳಲ್ಲೋ ಬಳಕೆಯಲ್ಲಿತ್ತೇ? ಕೇಳಿದವರಿದ್ದರೆ, ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ ತಿಳಿಸಿ.