ನಾನು ಯಾಕೆ ಇನ್ನೂ ಓಟು ಹಾಕಿಲ್ಲ ಅಂದ್ರೆ

ಪುಟ್ಟಾ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಐದೂ ಫೋಟೋ ನೋಡಿದೆ. "ಹೊಸ ಮನೆಗೆ ಯಾವ ಎಲಿವೇಶನ್ ಚೆನ್ನಾಗಿರುತ್ತೆ, ಎಲ್ಲರೂ ಓಟು ಹಾಕಿ" ಅಂದಿದ್ದೀಯ. ಎಲಿವೇಶನ್ ಅಂದರೆ ಬೀದಿಗೆ ಕಾಣುವ ಮನೆಯ ಮುಖ. ಬೆಳಿಗ್ಗೆ ಏಳುವಷ್ಟರಲ್ಲಿ ಎರಡನೇ ಫೋಟೋಗೆ ಹನ್ನೊಂದು ಹೆಬ್ಬೆರಳು ಬಿದ್ದಿದ್ದವು. ನಾನೊಬ್ಬಳೇ ಸುಮ್ಮನಿದ್ದೇನೆ ಅಂತ ನಿಮ್ಮಪ್ಪ ಫೋನ್ ಮಾಡಿ, "ಏನಕ್ಕಾ, ಕೋಪವಾ?" ಅಂದ. ಕೋಪ ಎಂಥದ್ದೂ ಇಲ್ಲ. ಹೇಳುವುದು ಜಾಸ್ತಿ ಇತ್ತು, ಟೈಪ್ ಮಾಡೋಕೆ ಬೇಜಾರು. ಅದಕ್ಕೆ ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತಿದೆ. ಉದ್ದ ಆಗುತ್ತದೆ. ಕಾಫಿ ಇಟ್ಟುಕೊಂಡು ಓದು.

ಮೊದಲು ಒಂದು ಮಾತು. ಆ ಐದೂ ಫೋಟೋದಲ್ಲಿ ಕರೆಂಟ್ ಮೀಟರ್ ಎಲ್ಲಿದೆ ಹೇಳು? ನೀರಿನ ಟ್ಯಾಂಕ್ ಎಲ್ಲಿ, ಸೋಲಾರ್ ಹೀಟರ್ ಎಲ್ಲಿ, ಬಟ್ಟೆ ಒಣಗಿಸುವ ತಂತಿ ಎಲ್ಲಿ? ಯಾವುದೂ ಇಲ್ಲ. ಆಕಾಶ ಮಾತ್ರ ನೀಲಿ, ಪಕ್ಕದ ಮನೆಯೂ ಇಲ್ಲ. ಸೂರ್ಯ ಯಾವ ಕಡೆ ಇದ್ದಾನೆ ಅಂತಲೂ ಗೊತ್ತಾಗುವುದಿಲ್ಲ. ನಿನ್ನದು ಮೈಸೂರಿನಲ್ಲಿ ಮೂವತ್ತು-ನಲವತ್ತು ಸೈಟು, ಪಶ್ಚಿಮಕ್ಕೆ ಮುಖ. ಎರಡೂ ಪಕ್ಕ ಮನೆ ಬಂದಾಗಿದೆ. ಇದಿಷ್ಟು ಇಟ್ಟುಕೊಂಡು ಫೋಟೋ ನೋಡಬೇಕು.

ಎಲ್ಲರೂ ಮೆಚ್ಚಿದ ಎರಡನೆಯದು, ಕೇರಳ ಶೈಲಿ ಅಂತ ಬರೆದಿದ್ದಾರಲ್ಲ, ಐದು ಸಣ್ಣ ಸಣ್ಣ ಹಂಚಿನ ಮಾಡು ಒಂದರ ಮೇಲೊಂದು ಇಳಿದಿರುವುದು. ನೋಡೋಕೆ ಚಂದ, ಇಲ್ಲ ಅನ್ನುವುದಿಲ್ಲ. ಆದರೆ ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ತೀರ್ಥಹಳ್ಳಿ ಕಡೆಯ ನಿಮ್ಮಜ್ಜನ ಮನೆ ನಿನಗೆ ಸ್ವಲ್ಪ ನೆನಪಿರಬಹುದು. ಅಲ್ಲಿ ಸೂರು ಗೋಡೆಯಿಂದ ಮೂರಡಿಗೂ ಜಾಸ್ತಿ ಮುಂದಕ್ಕೆ ಬಂದಿತ್ತು. ಆಷಾಢದಲ್ಲಿ ಜಗಲಿ ತುದಿಗೆ ಕೂತರೆ ಸೂರಿನ ನೀರು ಅಂಗಳದಲ್ಲಿ ಒಂದೇ ಗೆರೆಗೆ ಬಿದ್ದು, ಸಾಲಾಗಿ ಗುಳಿ ಬೀಳುತ್ತಿತ್ತು. ನಾವು ಮಕ್ಕಳು ಆ ಗುಳಿ ಎಣಿಸುತ್ತಿದ್ದೆವು. ಕಾಲಿಗೆ ಒಂದು ಹನಿ ತಾಗುತ್ತಿರಲಿಲ್ಲ. ಅಷ್ಟಾದರೂ ಗಾಳಿಮಳೆಗೆ ಸಾಲುತ್ತಿರಲಿಲ್ಲ. ಮೇ ಕೊನೆಗೆ ಅಜ್ಜ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಮಣ್ಣಿನ ಗೋಡೆ, ಮಳೆ ಬಂದು ಬಡಿಯುವುದು ಆ ಕಡೆಯಿಂದಲೇ. ದಸರಾ ಹೊತ್ತಿಗೆ ತಟ್ಟಿ ಬಿಚ್ಚಿದಾಗ ಮನೆಯೊಳಗೆ ಬರುತ್ತಿದ್ದ ಬೆಳಕು ಇದೆಯಲ್ಲ, ಅದೊಂದು ಹಬ್ಬ.

ಹಂಚೂ ಸೂರೂ ಅಲ್ಲಿ ಚಂದಕ್ಕೆ ಬಂದದ್ದಲ್ಲ. ಅಲ್ಲೇ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಮೈಸೂರಿನಲ್ಲಿ ಸರಾಸರಿ 800ರ ಆಸುಪಾಸು. ಅದೂ ಏಪ್ರಿಲ್-ಮೇನಲ್ಲಿ ಗುಡುಗಿನ ಮಳೆ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ನಿನಗೆ ಅಷ್ಟು ಮಾಡು ಯಾಕೆ? ಇನ್ನೊಂದು, ನಿನ್ನ ಫೋಟೋ ದೊಡ್ಡದು ಮಾಡಿ ನೋಡಿದೆ. ಸೂರು ಮುಕ್ಕಾಲು ಅಡಿ ಕೂಡ ಮುಂದೆ ಬಂದಿಲ್ಲ! ಹಂಚಿನ ಮನೆಯ ಉಪಯೋಗ ಇರುವುದೇ ಸೂರಿನಲ್ಲಿ, ಅದನ್ನೇ ಕತ್ತರಿಸಿ ಹಾಕಿದ್ದಾರೆ. ಕೆಳಗೆ ಇಳಿಜಾರಾಗಿ ಆರ್‌ಸಿಸಿ ಹಾಕಿ, ಅದರ ಮೇಲೆ ಹಂಚು ಅಂಟಿಸುತ್ತಾರೆ. ಕಾಂಕ್ರೀಟ್ ಸುರಿಯಲು ಕಟ್ಟುವ ಹಲಗೆ, ಅಂದರೆ ಸೆಂಟ್ರಿಂಗಿಗೂ ದುಡ್ಡು, ಹಂಚಿಗೂ ದುಡ್ಡು. ಹಳೇ ಮಾಡಿನಲ್ಲಿ ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಇಲ್ಲಿ ಸ್ಲ್ಯಾಬ್ ಅಡ್ಡ. ಮೇಲಾಗಿ ಎರಡು ಮಾಡು ಕೂಡುವ ಮೂಲೆ ಇರುತ್ತದಲ್ಲ, ನೀರು ಹರಿಯುವ ಜಾಗ, ಅಲ್ಲೇ ಎಲೆ ಕಸ ಕಟ್ಟಿಕೊಂಡು ಸೋರುವುದು. ಐದು ಮಾಡಿಗೆ ಅಂಥ ಮೂಲೆ ಎಷ್ಟು ಅಂತ ಎಣಿಸು. ವರ್ಷ ವರ್ಷ ಹತ್ತಿ ಗುಡಿಸುವವರು ಯಾರು, ನೀನಾ? ಕೇರಳದ ನಿಜವಾದ ನಾಲುಕೆಟ್ಟು ಮನೆ ಹೀಗಿರುವುದಿಲ್ಲ. ನಡುವೆ ಅಂಗಳ, ಸುತ್ತ ನಾಲ್ಕು ಕಡೆ ಸಾದಾ ಮಾಡು, ಅಷ್ಟೇ.

ನಿಮ್ಮಪ್ಪ "ಹಂಚು ನಮ್ಮ ಸಂಪ್ರದಾಯ" ಅಂತ ಬರೆದಿದ್ದಾನೆ. ತಮ್ಮಾ, ನೀನೂ ಓದು. ನಾವು ನೋಡಿದ ಮಂಗಳೂರು ಹಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿ ದಡದಲ್ಲಿ ಶುರುಮಾಡಿದ ಕಾರ್ಖಾನೆಯ ಸಂತಾನ. ಅದಕ್ಕೂ ಮೊದಲು ಇದ್ದದ್ದು ಕುಂಬಾರರು ಮಾಡುತ್ತಿದ್ದ ನಾಡಹಂಚು, ಇಲ್ಲವೇ ಹುಲ್ಲು. ಜರ್ಮನ್ ಪಾದ್ರಿಗಳ ಕಾರ್ಖಾನೆಯ ಮಾಲು ನಮ್ಮ ಅಜ್ಜನ ಕಾಲಕ್ಕೆ ನಮ್ಮದೇ ಆಗಿಹೋಗಿತ್ತು. ಯಾಕೆಂದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತಿತ್ತು, ಮಂಗ ಓಡಾಡಿದರೂ ನಾಡಹಂಚಿನಷ್ಟು ಸುಲಭಕ್ಕೆ ಜಾರುತ್ತಿರಲಿಲ್ಲ. ಹೊರಗಿನದ್ದು ಅಂತ ನನಗೆ ತಕರಾರಿಲ್ಲ. ಕೆಲಸಕ್ಕೆ ಬರುತ್ತದಾ ಅನ್ನುವುದಷ್ಟೇ ನನ್ನ ಪ್ರಶ್ನೆ.

ಕೆಲಸ ಸಿಕ್ಕಿದ ಹೊಸತರಲ್ಲಿ ಬಾಗಲಕೋಟೆ ಕಡೆ ನಾಲ್ಕು ವರ್ಷ ಲೆಕ್ಕದ ಟೀಚರ್ ಆಗಿದ್ದೆನಲ್ಲ, ಅಲ್ಲಿನ ಮನೆಗಳಿಗೆ ಎಲಿವೇಶನ್ನೇ ಇಲ್ಲ. ಬೀದಿಗೆ ಬೋಳು ಕಲ್ಲು ಗೋಡೆ, ಗಿಡ್ಡ ಬಾಗಿಲು, ಬಾಗಿಲ ಎರಡೂ ಕಡೆ ಕೂರೋಕೆ ಕಟ್ಟೆ. ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಮೊದಲ ದಿನ "ಇದೇನು ಗುಹೆ" ಅಂತ ಅತ್ತುಬಿಟ್ಟಿದ್ದೆ. ಏಪ್ರಿಲ್ ಬಂತು ನೋಡು, ಹೊರಗೆ ನಲವತ್ತು ಡಿಗ್ರಿ, ಒಳಗೆ ಚಾಪೆ ಹಾಸಿ ಮಲಗಿದರೆ ಫ್ಯಾನ್ ಬೇಡ. ಮನೆಯ ಮುಖ ಅಂದರೆ ಕಿಟಕಿ ಅಂದುಕೊಂಡಿದ್ದ ನನಗೆ ಆ ಕಟ್ಟೆಯೇ ಮುಖ ಅಂತ ಆಮೇಲೆ ಗೊತ್ತಾಯಿತು. ಸಂಜೆ ಇಡೀ ಓಣಿ ಅಲ್ಲೇ ಕೂರುತ್ತಿತ್ತು.

ಈಗ ನಿನಗೆ ಇಷ್ಟ ಇರುವ ಒಂದನೇ ಫೋಟೋ. ಗೋಡೆಯಿಂದ ಮುಂದಕ್ಕೆ ಚಾಚಿದ ಬಿಳಿ ಬಾಕ್ಸು, ಎತ್ತರದ ಗಾಜು, ಒಂದು ಕಡೆ ಕಲ್ಲಿನ ಕ್ಲಾಡಿಂಗ್, ಸುತ್ತ ಎಲ್‌ಇಡಿ ಪಟ್ಟಿ. ಇದರ ಬಗ್ಗೆ ಮಾತಾಡಲು ನನಗಿಂತ ಹಕ್ಕು ಯಾರಿಗೂ ಇಲ್ಲ. 2012ರಲ್ಲಿ ನಾನು ಕಟ್ಟಿಸಿದ್ದು ಇದನ್ನೇ. ಗೃಹಪ್ರವೇಶಕ್ಕೆ ಬಂದವರೆಲ್ಲ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ನೀನೂ ತೆಗೆಸಿಕೊಂಡಿದ್ದೆ, ಆಗ ಮೀಸೆ ಬಂದಿರಲಿಲ್ಲ.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಿಳಿ ಗೋಡೆ ಮೇಲೆ ಕಾಡಿಗೆ ಕರಗಿದ ಹಾಗೆ ಕರಿ ಗೆರೆ ಇಳಿಯಿತು. ಪೇಂಟ್ ಸರಿ ಇಲ್ಲ ಅಂತ ಮತ್ತೆ ಹೊಡೆಸಿದೆವು. ಮತ್ತೆ ಬಂತು. ಮೂರನೇ ಸಲ ಬಂದ ಮುದುಕ ಮೇಸ್ತ್ರಿ ಏಣಿ ಹತ್ತಿ, ಬಾಕ್ಸಿನ ಅಡಿಭಾಗಕ್ಕೆ ಕೈ ಸವರಿ, "ಅಮ್ಮಾ, ನೀರಿಗೆ ಬೀಳೋಕೆ ಜಾಗಾನೇ ಕೊಟ್ಟಿಲ್ಲ" ಅಂದ. ಆ ಬಾಕ್ಸಿನ ಮೇಲ್ಭಾಗ ಚಪ್ಪಟೆ, ಅಲ್ಲಿ ಧೂಳು, ಪಾರಿವಾಳದ ಹಿಕ್ಕೆ. ಮಳೆ ಬಂದಾಗ ಅದೆಲ್ಲ ಕರಗಿ ಅಂಚಿಗೆ ಬರುತ್ತದೆ. ಅಂಚಿನಿಂದ ನೆಲಕ್ಕೆ ಬೀಳದೆ, ಅಡಿಭಾಗಕ್ಕೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ಅಡಿಭಾಗದ ಅಂಚಿನಲ್ಲಿ ಅರ್ಧ ಇಂಚಿನ ಒಂದು ಗ್ರೂವ್, ಅಂದರೆ ಉದ್ದಕ್ಕೆ ಒಂದು ಗೀರು ಬಿಟ್ಟಿದ್ದರೆ ನೀರು ಅಲ್ಲೇ ತುಂಡಾಗಿ ಕೆಳಗೆ ಬೀಳುತ್ತಿತ್ತು. ಅರ್ಧ ಇಂಚು ಕಣೋ! ಡಿಸೈನ್ ಮಾಡಿದವರಿಗೆ ಲೈಟು ಯಾವ ಬಣ್ಣ ಅನ್ನುವುದು ನೆನಪಿತ್ತು, ಇದು ನೆನಪಿರಲಿಲ್ಲ. ನೀನು ಯಾವ ಶೈಲಿಯಲ್ಲಾದರೂ ಕಟ್ಟು, ಕಿಟಕಿ ಬಾಗಿಲ ಮೇಲೆ ಚಾಚುವ ಸಜ್ಜಾದ ಕೆಳಗೆ ಆ ಗ್ರೂವ್ ಬಿಡಿಸು, ಮೇಲ್ಭಾಗಕ್ಕೆ ಇಳಿಜಾರು ಕೊಡಿಸು. ಸೆಂಟ್ರಿಂಗ್ ಹೊಡೆಯುವಾಗಲೇ ಹೇಳಬೇಕು, ಆಮೇಲೆ ಹೇಳಿದರೆ ಕೊರೆಯಬೇಕು.

ಕಲ್ಲಿನ ಕಥೆ ಇನ್ನೊಂದು. ನಯವಾದ ಗಾರೆ ಮೇಲೆ ಬಿಸ್ಕತ್ತಿನ ಹಾಗೆ ತೆಳು ಕಲ್ಲು ಅಂಟಿಸಿದ್ದರು. ಕಲ್ಲು ಹಿಡಿಯಲಿ ಅಂತ ಗೋಡೆ ಕಚ್ಚು ಹೊಡೆದಿರಲಿಲ್ಲ, ನೀರು ಕುಡಿಸಿರಲಿಲ್ಲ. ಪಡುವಣ ಬಿಸಿಲಿಗೆ ಕಾಯ್ದು, ಮಳೆಗೆ ತಣಿದು, ಹಿಂದೆ ನೀರು ಇಳಿದು, ಮೊದಲು ಬಿಳಿ ಉಪ್ಪು ಕಟ್ಟಿತು. ಎರಡನೇ ವರ್ಷ ಒಂದು ರಾತ್ರಿ ಧಡ್ ಅಂತ ಒಂದು ಕಲ್ಲು ನಿಮ್ಮ ಮಾವನ ಸ್ಕೂಟರ್ ಸೀಟಿನ ಮೇಲೆ ಬಿತ್ತು. ಸೀಟು ಹೋಯಿತು. ಮಾವ ಹಗಲು ಅಲ್ಲೇ ಕೂತು ಪೇಪರ್ ಓದುವವರು. ಮಾರನೇ ದಿನವೇ ಅಷ್ಟೂ ಕಲ್ಲು ಕೀಳಿಸಿದೆ. ಗಾಜಿನ ಬಗ್ಗೆ ಹೇಳುವುದೇ ಬೇಡ. ಮೆಟ್ಟಿಲ ಪಕ್ಕದ ಆ ಎಂಟಡಿ ಗಾಜಿಗೆ ಅವತ್ತು ಎಳೆದ ಪರದೆ ಇವತ್ತಿಗೂ ತೆಗೆದಿಲ್ಲ.

ನಾಲ್ಕನೆಯದು, ರೋಮನ್ ಕಂಬ, ಅಂಚಿಗೆಲ್ಲ ಹೂಬಳ್ಳಿ ಮೌಲ್ಡಿಂಗ್. ಲಲಿತಮಹಲಿನ ಜೋಡಿ ಕಂಬ ಚಂದ ಕಾಣುವುದು ಮುಂದೆ ಅಷ್ಟು ಬಯಲು ಇರುವುದಕ್ಕೆ. ನಿನ್ನ ಮನೆ ಮುಂದೆ ರಸ್ತೆ ಮೂವತ್ತಡಿ, ಅದರಲ್ಲಿ ಪಕ್ಕದವರ ಕಾರು. ಬಿಡು ಅದನ್ನ.

ಐದನೆಯದು, ಗಾರೆ ಇಲ್ಲದ ಇಟ್ಟಿಗೆ ಮನೆ, ನನಗೆ ಮನಸ್ಸಿಗೆ ಹಿಡಿಸಿತು. ಇಂಗ್ಲೆಂಡಿನಿಂದ ಬಂದು ತಿರುವನಂತಪುರದಲ್ಲಿ ನೆಲೆಸಿದ ಲಾರಿ ಬೇಕರ್ ಅವರು ಹರಡಿಸಿದ ದಾರಿ ಅದು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವುದು, ರ‍್ಯಾಟ್ ಟ್ರ್ಯಾಪ್ ಬಾಂಡ್ ಅಂತಾರೆ. ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನಿಂದಾಗಿ ಬಿಸಿ ಒಳಗೆ ಬರುವುದೂ ಕಡಿಮೆ. ಆದರೆ ಇಟ್ಟಿಗೆ ಒಂದೇ ಅಳತೆಯದ್ದು, ಚೆನ್ನಾಗಿ ಬೆಂದದ್ದು ಸಿಗಬೇಕು. ಅದಕ್ಕಿಂತ ಮುಖ್ಯ, ಅದನ್ನು ಮೊದಲೇ ಕಟ್ಟಿ ಕೈ ಪಳಗಿದ ಮೇಸ್ತ್ರಿ ಬೇಕು. ಗಾರೆ ಹಾಕುವ ಗೋಡೆಯಲ್ಲಿ ಕೈತಪ್ಪು ಮುಚ್ಚಿಹೋಗುತ್ತದೆ, ಇಲ್ಲಿ ಮುಚ್ಚುವುದಿಲ್ಲ. ಅಂಥವನು ಸಿಕ್ಕಿದರೆ ಪಕ್ಕದ ಗೋಡೆಗಳಿಗೆ ಯೋಚನೆ ಮಾಡು. ನಿಮ್ಮತ್ತೆ, ಅಂದರೆ ನಿನ್ನ ಹೆಂಡತಿಯ ಅಮ್ಮ, "ಮನೆ ಪೂರ್ತಿ ಮುಗಿಸಲಿಲ್ವಾ" ಅಂತ ಕೇಳಿಯೇ ಕೇಳುತ್ತಾರೆ, ಅದಕ್ಕೂ ತಯಾರಿರು.

ಇನ್ನು ಮೂರನೆಯದು. ಚೆಟ್ಟಿನಾಡು ಅಂತ ಹೆಸರು ಕೊಟ್ಟಿದ್ದಾರೆ, ತಮಿಳುನಾಡಿನ ಚೆಟ್ಟಿಯಾರ್ ವ್ಯಾಪಾರಿಗಳ ಸೀಮೆ ಅದು. ಚೆಟ್ಟಿಯಾರರ ಆ ಮನೆಗಳು ಬರ್ಮಾದ ತೇಗ, ಮೊಟ್ಟೆ ಬಿಳಿ ಸೇರಿಸಿ ಉಜ್ಜಿದ ಸುಣ್ಣದ ಗಾರೆ, ಒಂದು ಬೀದಿಯಿಂದ ಇನ್ನೊಂದು ಬೀದಿವರೆಗೆ ಉದ್ದ. ನಿನ್ನ ಫೋಟೋದಲ್ಲಿ ಇರುವುದು ಫೈಬರ್ ಕಂಬ. ಆದರೂ ಅದರಲ್ಲಿ ಒಂದು ಸರಿ ಇದೆ, ಮುಂದೆ ಜಗಲಿ ಇದೆ.

ಇಲ್ಲಿ ಲೆಕ್ಕದ ಟೀಚರ್ ಮಾತಾಡುತ್ತಾಳೆ, ಸಹಿಸಿಕೋ. ಪಶ್ಚಿಮದ ಬಿಸಿಲಿಗೆ ಬರೀ ಸಜ್ಜಾ ಸಾಲದು. ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಮೂರೂವರೆಗೆ ಎರಡಡಿ ಸಜ್ಜಾ ಕೊಡುವ ನೆರಳು ಹೆಚ್ಚುಕಮ್ಮಿ ಎರಡಡಿ. ಐದು ಗಂಟೆಗೆ ಒಂದಡಿಯೂ ಇಲ್ಲ. ಸೂರ್ಯ ಸಜ್ಜಾದ ಕೆಳಗಿಂದ ನುಸುಳಿ ನೇರ ಹಾಲಿಗೆ ಬರುತ್ತಾನೆ. ಅದೇ ಎಂಟಡಿ ಎತ್ತರ, ಆರಡಿ ಅಗಲದ ಜಗಲಿ ಇದ್ದರೆ ಮೂರೂವರೆಗೆ ಬಿಸಿಲು ಗೋಡೆಯ ಬುಡದ ಎರಡು ಚಿಲ್ಲರೆ ಅಡಿಗಷ್ಟೇ ತಾಗುತ್ತದೆ. ನಾಲ್ಕರ ಮೇಲೆ ಜಗಲಿಯೂ ಸೋಲುತ್ತದೆ. ಆಗ ಬೇಕಾದದ್ದು ಅಜ್ಜನ ತಟ್ಟಿ. ಸೋಗೆಯದ್ದೇ ಆಗಬೇಕಿಲ್ಲ, ಬಿದಿರಿನದ್ದು, ಸುತ್ತಿ ಮೇಲೆ ಕಟ್ಟುವಂಥದ್ದು.

ಬೆಂಗಳೂರಿನ ಹಳೇ ಬಂಗಲೆಗಳು ಇದನ್ನೇ ಮರದಲ್ಲಿ ಮಾಡಿದ್ದವು. ಮಲ್ಲೇಶ್ವರ, ಬಸವನಗುಡಿ ಕಡೆ ಇನ್ನೂ ಒಂದೆರಡು ಉಳಿದಿವೆ. ಕಿಟಕಿ ಮೇಲೆ, ಪೋರ್ಟಿಕೊ ಮೇಲೆ ಚೂಪಾದ ಟೋಪಿ ಹಾಗೆ ಮರದ ಪಟ್ಟಿಗಳು, ಮಂಕಿ ಟಾಪ್ ಅಂತಾರೆ. ವೆರಾಂಡಕ್ಕೆ ಮರದ ಜಾಲರಿ. ಗಾಳಿ ಬರುತ್ತದೆ, ಬಿಸಿಲು ಚೂರು ಚೂರಾಗಿ ಬರುತ್ತದೆ, ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗೆ ಕಾಣುವುದಿಲ್ಲ. ನಿನ್ನ ಮನೆಯ ಮುಖಕ್ಕೆ ಹೊಂದುವುದು ಅದು. ಟೋಪಿ ಬೇಕಂತಿಲ್ಲ, ಜಾಲರಿ ಸಾಕು.

ಮೂವತ್ತಡಿ ಮುಂಭಾಗದಲ್ಲಿ ಪಕ್ಕಕ್ಕೆ ಬಿಡುವುದು ಬಿಟ್ಟು, ಕಾರಿಗೆ ಹತ್ತಡಿ ಕೊಟ್ಟರೂ ಹದಿನಾಲ್ಕು-ಹದಿನೈದು ಅಡಿ ಉದ್ದದ ಜಗಲಿಗೆ ಜಾಗ ಇದೆ. ಅದಕ್ಕೊಂದೇ ಹಂಚಿನ ಮಾಡು, ಒಂದೇ ಇಳಿಜಾರು, ಮೂಲೆ ಇಲ್ಲ. ಕೆಳಗೆ ರೆಡ್ ಆಕ್ಸೈಡ್ ನೆಲ. ಗೇಟಿನ ಪಕ್ಕ ಒಂದು ಹೊಂಗೆ ನೆಡು. ಯುಗಾದಿ ಹೊತ್ತಿಗೆ, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ, ಹೊಸ ಎಲೆ ಬಿಟ್ಟುಕೊಂಡು ನಿಲ್ಲುತ್ತದೆ.

ಈ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಸೈಟಿಗೆ ಹೋಗು. ಮೂರೂವರೆಗೆ ಒಂದು ಸಲ, ಐದಕ್ಕೆ ಒಂದು ಸಲ, ಹಾಲು ಬರುವ ಜಾಗದಲ್ಲಿ ಇಬ್ಬರೂ ನಿಂತು ನೋಡಿ. ಆಮೇಲೆ ಆ ಒಂದನೇ ಫೋಟೋ ಇಂಜಿನಿಯರಿಗೆ ತೋರಿಸಿ, "ಇದರ ಮೇಲೆ ಬಿದ್ದ ನೀರು ಎಲ್ಲಿ ಹೋಗುತ್ತೆ" ಅಂತ ಒಂದೇ ಪ್ರಶ್ನೆ ಕೇಳು. ತಡವರಿಸಿದರೆ ನನಗೆ ಫೋನ್ ಮಾಡು.

ಓಟು ಕೇಳಿದೆಯಲ್ಲ, ಮೂರನೆಯದಕ್ಕೆ ಅರ್ಧ ಓಟು. ಆ ಫೈಬರ್ ಕಂಬ ತೆಗೆದರೆ ಪೂರ್ತಿ. ಅಜ್ಜನ ಮನೆ ಇಳಿಸಿದಾಗ ಜಗಲಿಯ ಎರಡು ಮುಂಡಿಗೆ, ಅಂದರೆ ಮರದ ಕಂಬ, ನಾನು ಲಾರಿಯಲ್ಲಿ ತಂದಿದ್ದು ಯಾರಿಗೂ ನೆನಪಿಲ್ಲ ಅನಿಸುತ್ತದೆ. ಗೋಣಿ ಸುತ್ತಿ ಶೆಡ್ಡಿನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಬಿಚ್ಚಿ ನೋಡಿದೆ, ಗೆದ್ದಲು ಹಿಡಿದಿಲ್ಲ, ಒಂದರ ಬುಡ ಮಾತ್ರ ಎರಡು ಇಂಚು ಹೋಗಿದೆ. ಅದನ್ನು ಕೊಯ್ದರೆ ಏಳಡಿ ಒಂದು ಇಂಚು ನಿಲ್ಲುತ್ತದೆ. ಕೆಳಗೆ ಕಲ್ಲಿನ ಪಾದ ಕೊಟ್ಟರೆ ಎಂಟಡಿ. ಜಗಲಿ ಎತ್ತರ ಅದಕ್ಕೆ ಹಿಡಿಸು ಅಂತ ಹೇಳು, ಪ್ಲಾನ್ ಪಾಸ್ ಆಗುವ ಮೊದಲೇ.