ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿರುವ ಶ್ರೀರಂಗಪಟ್ಟಣದ ತೊಲೆಗಳು: ಮಕ್ಕಳಿಗೆ ಏನೆಂದು ಹೇಳಬೇಕು?

ಪ್ರಶ್ನೆ: ಶ್ರೀರಂಗಪಟ್ಟಣದ ಪ್ರೌಢಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಊಟಿಗೆ ಕರೆದೊಯ್ಯುವ ಯೋಚನೆಯಿದೆ. ಸರೋವರ, ಹೂತೋಟಗಳನ್ನು ಅವರಲ್ಲಿ ಹೆಚ್ಚಿನವರು ಮನೆಯವರೊಂದಿಗೆ ಆಗಲೇ ನೋಡಿರುವುದರಿಂದ, ಈ ಬಾರಿ ಹಳೆಯ ಚರ್ಚುಗಳನ್ನೂ ಕಟ್ಟಡಗಳನ್ನೂ ತೋರಿಸಬೇಕೆಂದುಕೊಂಡಿದ್ದೇನೆ. ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಟಿಪ್ಪು ಸುಲ್ತಾನನ ಅರಮನೆಯಿಂದ ಬಂದವೆಂದು ಹಿಂದಿನ ಪ್ರವಾಸದಲ್ಲಿ ಮಾರ್ಗದರ್ಶಿಯೊಬ್ಬರು ಹೇಳಿದ್ದರು. ರಂಗನಾಥಸ್ವಾಮಿ ದೇವಸ್ಥಾನದ ಬಳಿ ಟಿಪ್ಪುವಿನ ಅರಮನೆಯಾಗಿದ್ದ ಲಾಲ್ ಮಹಲಿನ ತಳಪಾಯವನ್ನು ದಿನವೂ ದಾಟಿಕೊಂಡು ಶಾಲೆಗೆ ಬರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಆದರೆ ಸುಮ್ಮನೆ ಕತೆ ಹೇಳಿ ಬರಲು ನನಗೆ ಇಷ್ಟವಿಲ್ಲ. ಇದು ಎಷ್ಟರ ಮಟ್ಟಿಗೆ ನಿಜ, ಅಷ್ಟು ದೂರದಿಂದ ಮರ ಸಾಗಿಸುವ ಅಗತ್ಯವಾದರೂ ಏಕೆ ಬಂತು, ಮತ್ತು ಉಳಿದ ಸಮಯದಲ್ಲಿ ಇನ್ನೇನನ್ನು ತೋರಿಸಬಹುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಮೈಸೂರಿನ ನಿವೃತ್ತ ಇತಿಹಾಸ ಅಧ್ಯಾಪಕ

ಮೇಡಂ, ಮರ ಶ್ರೀರಂಗಪಟ್ಟಣದಿಂದ ಹೋದದ್ದು ನಿಜ. ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದರಿಂದ ಅದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇಂದು ಊಟಿಯೆಂದರೆ ಆಕಾಶಕ್ಕೆ ನೆಟ್ಟಗೆ ಬೆಳೆದ ನೀಲಗಿರಿ ಮರಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ಕನ್ನಡದಲ್ಲಂತೂ ಆ ಮರಕ್ಕೆ ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟಿದ್ದೇವೆ. ಆದರೆ ಅದು ಆಸ್ಟ್ರೇಲಿಯಾದ ಮರ, ಅಲ್ಲಿಗೆ ಬಂದದ್ದು 1840ರ ದಶಕದಲ್ಲಿ. ಚರ್ಚಿಗೆ ಅಡಿಗಲ್ಲು ಹಾಕಿದ 1829ರಲ್ಲಿ ಆ ಬೆಟ್ಟದಲ್ಲಿ ಇದ್ದದ್ದು ವಿಶಾಲವಾದ ಹುಲ್ಲುಗಾವಲು, ಮತ್ತು ಕಣಿವೆಗಳ ಮಡಿಲಲ್ಲಿ ಗುಂಪುಗುಂಪಾಗಿ ನಿಂತ ಶೋಲಾ ಕಾಡು. ಶೋಲಾದ ಮರಗಳು ಗಿಡ್ಡ, ಗಂಟುಗಂಟು, ಗಾಳಿಗೆ ತಿರುಚಿಕೊಂಡವು. ಅವುಗಳಿಂದ ದೊಡ್ಡ ಸಭಾಂಗಣಕ್ಕೆ ಬೇಕಾದ ಉದ್ದನೆಯ ತೊಲೆಯನ್ನು ತೆಗೆಯಲಾಗದು. ಸುಮಾರು 2,240 ಮೀಟರ್ ಎತ್ತರದ ಆ ಚಳಿಯಲ್ಲಿ ತೇಗ ಬೆಳೆಯುವುದೂ ಇಲ್ಲ.

ಇತ್ತ ಶ್ರೀರಂಗಪಟ್ಟಣದಲ್ಲಿ ಹದಕ್ಕೆ ಬಂದ ಹಳೆಯ ತೇಗದ ನಾಟಾ, ಕೇಳುವವರಿಲ್ಲದ ಅರಮನೆಗಳ ರೂಪದಲ್ಲಿ ನಿಂತಿತ್ತು. 1799ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿತಾದರೂ ಶ್ರೀರಂಗಪಟ್ಟಣದ ದ್ವೀಪವನ್ನೂ ಕೋಟೆಯನ್ನೂ ಈಸ್ಟ್ ಇಂಡಿಯಾ ಕಂಪನಿ ತನ್ನಲ್ಲೇ ಉಳಿಸಿಕೊಂಡಿತು. ಅಲ್ಲಿನ ಚಳಿಜ್ವರದ ಕಾಟದಿಂದ ಸೈನ್ಯ ಬೆಂಗಳೂರಿನ ದಂಡಿಗೆ ಸ್ಥಳಾಂತರಗೊಂಡ ಮೇಲೆ ಆ ಕಟ್ಟಡಗಳು ಕಂಪನಿಗೆ ಬೇಡವಾದವು. ಹೀಗಾಗಿ ಮದ್ರಾಸಿನ ಗವರ್ನರ್ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್‌ಗೆ ಊಟಿಯಲ್ಲಿ ಚರ್ಚು ಕಟ್ಟಿಸುವ ಮನಸ್ಸಾದಾಗ, ನಾಟಾಕ್ಕಾಗಿ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಮಕ್ಕಳಿಗೆ ಇದನ್ನು ಲೂಟಿಯ ಕತೆಯಾಗಿ ಮಾತ್ರ ಹೇಳಿದರೆ ಅರ್ಧ ಹೇಳಿದಂತಾಗುತ್ತದೆ. ಗೆದ್ದವನು ಸೋತವನ ಮನೆಯನ್ನು ಮೂವತ್ತು ವರ್ಷ ಕಳೆದ ಮೇಲೆ ಹಳೆಯ ಸಾಮಾನಿನಂತೆ ಬಿಚ್ಚಿ ಬಳಸಿಕೊಂಡದ್ದು ನನಗೆ ಲೂಟಿಗಿಂತಲೂ ಹೆಚ್ಚು ಕಸಿವಿಸಿ ಉಂಟುಮಾಡುತ್ತದೆ.

ಒಂದು ಎಚ್ಚರಿಕೆಯ ಮಾತು. ಕೆಲವರು ಕೋಟೆಯೊಳಗಿನ ಲಾಲ್ ಮಹಲಿನ ಹೆಸರು ಹೇಳುತ್ತಾರೆ, ಇನ್ನು ಕೆಲವರು ಗಂಜಾಂ ಬದಿಯ ಲಾಲ್ ಬಾಗ್ ಅರಮನೆಯ ಹೆಸರು ಹೇಳುತ್ತಾರೆ. ಹೆಸರಿನ ಹೋಲಿಕೆಯಿಂದ ಎರಡೂ ಒಂದರೊಳಗೊಂದು ಬೆರೆತುಹೋಗಿವೆ. ಆದ್ದರಿಂದ ‘ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ಮರ’ ಎಂದಷ್ಟೇ ಹೇಳುವುದು ಕ್ಷೇಮ. 120 ಆನೆಗಳು ಅದನ್ನು ಎಳೆದು ತಂದವೆಂಬ ಮಾತನ್ನೂ ‘ಹಾಗೆಂದು ಹೇಳುತ್ತಾರೆ’ ಎಂದು ಸೇರಿಸಿಯೇ ಹೇಳಿ. ಆನೆಯ ಲೆಕ್ಕವನ್ನು ಪರೀಕ್ಷೆಯಲ್ಲಿ ಕೇಳಬೇಡಿ!

ಉತ್ತರ: ಊಟಿಯಲ್ಲಿ ನೆಲೆಸಿರುವ ಕನ್ನಡಿಗ

ಅಧ್ಯಾಪಕರ ಮಾತಿಗೆ ಒಂದೆರಡು ವಿವರಗಳನ್ನು ಸೇರಿಸುತ್ತೇನೆ. ಅಡಿಗಲ್ಲು ಹಾಕಿದ್ದು 1829ರ ಏಪ್ರಿಲ್ 23ರಂದು. ನಾಲ್ಕನೆಯ ಜಾರ್ಜ್ ದೊರೆಯ ಹುಟ್ಟುಹಬ್ಬವನ್ನು ಸರ್ಕಾರ ಆಚರಿಸುತ್ತಿದ್ದ ದಿನ ಅದು. ನಕ್ಷೆ ಕ್ಯಾಪ್ಟನ್ ಅಂಡರ್‌ವುಡ್ ಅವರದು. 1830ರ ನವೆಂಬರ್ 5ರಂದು ಪ್ರತಿಷ್ಠೆ ನೆರವೇರಿಸಿದವರು ಕಲ್ಕತ್ತೆಯ ಬಿಷಪ್ ಟರ್ನರ್. ಅಷ್ಟು ದೂರದವರು ಏಕೆ ಬಂದರೆಂದು ಮಕ್ಕಳು ಕೇಳಿಯಾರು: ಮದ್ರಾಸಿಗೆ ಪ್ರತ್ಯೇಕ ಬಿಷಪ್ ದೊರೆತದ್ದು 1835ರಲ್ಲಿ, ಅಲ್ಲಿಯವರೆಗೆ ಈ ಕಡೆಯ ಚರ್ಚುಗಳೆಲ್ಲ ಕಲ್ಕತ್ತೆಯ ಅಧೀನದಲ್ಲಿದ್ದವು. 1831ರ ಏಪ್ರಿಲ್ 3ರಂದು, ಈಸ್ಟರ್ ಭಾನುವಾರ, ಬಾಗಿಲು ಜನರಿಗೆ ತೆರೆಯಿತು.

ಒಳಗೆ ಹೋದ ಕೂಡಲೇ ಎಲ್ಲರೂ ಬಣ್ಣದ ಗಾಜಿನ ಕಿಟಕಿಗಳ ಕಡೆಗೆ ನಡೆಯುತ್ತಾರೆ. ನೀವು ಮಕ್ಕಳನ್ನು ನಡುವೆ ನಿಲ್ಲಿಸಿ ಮೊದಲು ತಲೆಯೆತ್ತಿ ನೋಡಲು ಹೇಳಿ. ಆಮೇಲೆ ಹಿಂಬದಿಯ ಇಳಿಜಾರಿನ ಸಮಾಧಿ ಸ್ಥಳಕ್ಕೆ ಕರೆದೊಯ್ಯಿರಿ. ಊಟಿಯನ್ನು ಊರಾಗಿಸಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಅವರ ಪತ್ನಿ ಹೆನ್ರಿಯೆಟ್ಟಾ ಮತ್ತು ಮಗಳು ಹ್ಯಾರಿಯೆಟ್ ಅಲ್ಲಿದ್ದಾರೆ. ಸಲಿವನ್ ತೀರಿಕೊಂಡದ್ದು 1855ರಲ್ಲಿ, ಇಂಗ್ಲೆಂಡಿನಲ್ಲಿ. ಈ ಬೆಟ್ಟದ ಬುಡಕಟ್ಟಿನವರಾದ ತೋಡರ ಹುಲ್ಲುಗಾವಲಿನಲ್ಲಿ ಅವರು 1822ರಲ್ಲಿ ಕಟ್ಟಿಸತೊಡಗಿದ ಸ್ಟೋನ್ ಹೌಸ್, ಅಂದರೆ ಸ್ಥಳೀಯರ ಬಾಯಲ್ಲಿ ಕಲ್ಲು ಬಂಗಲೆ, ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಊಟಿಯ ಮೊದಲ ಬಂಗಲೆ ಅದೇ. ಅದಕ್ಕೆ ಕಾಲೇಜಿನವರ ಅನುಮತಿಯನ್ನು ಮೊದಲೇ ಪತ್ರ ಬರೆದು ಕೇಳಿಕೊಳ್ಳಿ.

ಸರೋವರದ ಬಳಿಯ ಸೇಂಟ್ ಥಾಮಸ್ ಚರ್ಚನ್ನು ಮಾತ್ರ ಬಿಡಬೇಡಿ. ಅಲ್ಲಿ ಎತ್ತರದ ಸ್ತಂಭದ ಸ್ಮಾರಕ ಗವರ್ನರ್ ವಿಲಿಯಂ ಪ್ಯಾಟ್ರಿಕ್ ಆಡಂ ಅವರದು. ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳಲ್ಲಿ, 1881ರ ಮೇ ತಿಂಗಳಲ್ಲಿ, ಅವರು ಇಲ್ಲಿಯೇ ತೀರಿಕೊಂಡರು. ಚೇರಿಂಗ್ ಕ್ರಾಸಿನ ಕಾರಂಜಿಯೂ ಅವರ ನೆನಪಿನದೇ. ಆದರೆ ನಾನು ನೆಂಟರಿಷ್ಟರನ್ನು ಅಲ್ಲಿಗೆ ಕರೆದೊಯ್ಯುವುದು ಇನ್ನೊಂದು ಸಮಾಧಿಗಾಗಿ. ಸ್ವಾಮಿ ವಿವೇಕಾನಂದರ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಉಳಿಸಿಕೊಟ್ಟ ಜೆ. ಜೆ. ಗುಡ್‌ವಿನ್ 1898ರ ಜೂನ್ 2ರಂದು ಊಟಿಯಲ್ಲಿ ಮರಣ ಹೊಂದಿ ಅಲ್ಲಿಯೇ ಮಣ್ಣಾದರು. ಆಗ ಅವರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. ಶಾಲೆಯ ಗೋಡೆಯ ಮೇಲೆ ವಿವೇಕಾನಂದರ ಮಾತು ಓದಿ ಬೆಳೆದ ಮಕ್ಕಳಿಗೆ, ಆ ಮಾತುಗಳಲ್ಲಿ ಎಷ್ಟೋ ಈ ಕೈಯಿಂದ ದಾಟಿ ಬಂದವು ಎಂದು ತಿಳಿಸುವುದಕ್ಕೆ ಇದಕ್ಕಿಂತ ಸೂಕ್ತವಾದ ಜಾಗವಿಲ್ಲ.

ಉತ್ತರ: ಕೇತಿಯ ಓದುಗ

ನಾನು ಬಡಗ ಮನೆಮಾತಿನವನು. ಮೇಲಿನ ಇಬ್ಬರೂ ಹಿರಿಯರು ಗವರ್ನರು, ಕಲೆಕ್ಟರುಗಳ ಕಟ್ಟಡಗಳನ್ನು ಚೆನ್ನಾಗಿ ಪರಿಚಯಿಸಿದ್ದಾರೆ. ಆದರೆ ನೀಲಗಿರಿಯ ಚರ್ಚುಗಳ ಕತೆ ಅಷ್ಟಕ್ಕೇ ಮುಗಿಯುವುದಿಲ್ಲ ಎಂಬುದು ನನ್ನ ವಿನಮ್ರ ತಕರಾರು. ಮಂಗಳೂರು, ಧಾರವಾಡಗಳಲ್ಲಿ ಕನ್ನಡ ಕಲಿತು ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲಿ ಊಟಿಗೂ ಕೂನೂರಿಗೂ ನಡುವಿನ ನಮ್ಮ ಕೇತಿ ಕಣಿವೆಗೆ ಬಂದರು. ಕಂಪನಿಯ ಅಧಿಕಾರಿಯಾಗಿದ್ದು ನಿವೃತ್ತರಾಗಿ ಇಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬುವರು ಅವರಿಗೆ ಆಶ್ರಯ ಕೊಟ್ಟು, ತಮ್ಮ ಆಸ್ತಿಯನ್ನೂ ಮಿಷನ್ನಿಗೇ ಬಿಟ್ಟುಹೋದರು. ಬಡಗರ ಮಾತು ಕನ್ನಡದ ಹತ್ತಿರದ ನೆಂಟನಾದುದರಿಂದ ಸುವಾರ್ತೆಯ ಭಾಗವನ್ನು ಬಡಗ ಮಾತಿಗೆ ತಂದಾಗ ಅದನ್ನು ಅಚ್ಚು ಮಾಡಿದ್ದು ಕನ್ನಡ ಲಿಪಿಯಲ್ಲಿ. ದೊಡ್ಡ ತೊಲೆ, ಬಣ್ಣದ ಗಾಜುಗಳಿಗೆ ಹೋಲಿಸಿದರೆ ಇದು ಕಣ್ಣಿಗೆ ಕಾಣುವ ಸಂಗತಿಯಲ್ಲ, ನಿಜ. ಆದರೆ ಶ್ರೀರಂಗಪಟ್ಟಣದ ಮಕ್ಕಳಿಗೆ ಈ ಬೆಟ್ಟದೊಂದಿಗೆ ಇರುವ ನಂಟು ಬರೀ ಮರದ್ದಲ್ಲ, ಮಾತಿನದೂ ಹೌದು. ಬಸ್ಸಿನಲ್ಲಿ ಕೂತಾಗಲಾದರೂ ಇದನ್ನು ಹೇಳಿ.

ಮರುಮಾತು: ಪ್ರಶ್ನೆ ಕೇಳಿದ ಶಿಕ್ಷಕಿ

ಮೂವರಿಗೂ ಕೃತಜ್ಞತೆಗಳು. ಹೊರಡುವ ಹಿಂದಿನ ದಿನ ಮಕ್ಕಳನ್ನು ಲಾಲ್ ಮಹಲಿನ ತಳಪಾಯದ ಬಳಿಗೂ ಗಂಜಾಂಗೂ ಕರೆದೊಯ್ದು, ಇಲ್ಲಿ ಏನಿಲ್ಲ ಎಂಬುದನ್ನು ಮೊದಲು ತೋರಿಸಿ, ಮರುದಿನ ಊಟಿಯಲ್ಲಿ ತಲೆಯೆತ್ತಿ ನೋಡಿಸುವುದೆಂದು ತೀರ್ಮಾನಿಸಿದ್ದೇನೆ. ಗುಡ್‌ವಿನ್ ಅವರ ವಿಷಯ ನನಗೇ ಹೊಸದು. ಇನ್ನೊಂದೇ ಸಂದೇಹ: ನಾವು ಭಾನುವಾರ ಬಂದರೆ ಆರಾಧನೆಗೆ ಅಡ್ಡಿಯಾದೀತೇ?

ಉತ್ತರ: ಊಟಿಯಲ್ಲಿ ನೆಲೆಸಿರುವ ಕನ್ನಡಿಗ

ಖಂಡಿತ ಆಗುತ್ತದೆ, ಮೇಡಂ. ಅದು ಇಂದಿಗೂ ಪ್ರಾರ್ಥನೆ ನಡೆಯುವ ಚರ್ಚೇ ಹೊರತು ವಸ್ತುಸಂಗ್ರಹಾಲಯವಲ್ಲ. ಶನಿವಾರವೇ ಬನ್ನಿ. ಬಂಡೀಪುರದ ರಸ್ತೆ ಬೆಳಗಿನ ಆರಕ್ಕೆ ಮೊದಲು ತೆರೆಯುವುದಿಲ್ಲ. ತೆಪ್ಪಕಾಡಿನಲ್ಲಿ ಕವಲೊಡೆಯುವ ಕಲ್ಲಟ್ಟಿಯ ಹಾದಿ ಹತ್ತಿರವಾದರೂ ಅದರ 36 ತಿರುವುಗಳು ಶಾಲಾ ಬಸ್ಸಿಗೆ ಹೇಳಿದ್ದಲ್ಲ, ಆದ್ದರಿಂದ ಗೂಡಲೂರಿನ ಮೇಲೆಯೇ ಬನ್ನಿ. ಮಕ್ಕಳಿಗೆ ಸ್ವೆಟರ್ ಇರಲಿ.